ಸುಣ್ಣದಂಥ ಬಿಳುಪು

ಹೂ ಕಟ್ಟಿ ಮಾರುವ ಆಕೆ ತಿಪಟೂರಿನ ನನ್ನ ಕ್ಲಿನಿಕ್ಕಿಗೆ ಬಂದು, ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟರು. ಐದು ತಿಂಗಳ ಹಿಂದೆ ಅವರ ದವಡೆ ಹಲ್ಲಿಗೆ ನಾನೇ ತುಂಬಿದ್ದ ಸಿಮೆಂಟ್ ಅದು. ಚೂರಾಗಿರಲಿಲ್ಲ, ಅಚ್ಚಿನಿಂದ ಬೆಲ್ಲ ಬಿಟ್ಟ ಹಾಗೆ ಇಡಿಯಾಗಿ ಎದ್ದು ಬಂದಿತ್ತು.

ಹಾಕಿಸಿಕೊಂಡ ಮೂರನೇ ದಿನವೇ ಬಂದು, "ತಣ್ಣೀರು ಕುಡಿದ್ರೆ ಜುಮ್ ಅಂತ ನೆತ್ತಿಗೆ ಹೊಡೀತದೆ ಡಾಕ್ಟ್ರೇ, ಮುಂಚೆ ಇಷ್ಟಿರ್ಲಿಲ್ಲ" ಎಂದಿದ್ದರು. ಸರಿಹೋಗುತ್ತಮ್ಮ ಎಂದು ಕಳಿಸಿದ್ದೆ. ಮರುತಿಂಗಳು ಮತ್ತೆ ಬಂದಾಗ, ಕಡಲೆಗಿಡಲೆ ಕಡಿದಿರಬೇಕು ಎಂದು ಅವರ ಮೇಲೇ ಹೊರಿಸಿದ್ದೆ.

ತಪ್ಪಿದ್ದು ನಾನು ಗಾಳಿ ಊದಿದ ರೀತಿಯಲ್ಲಿ. ಜನ ಬಿಳಿ ಸಿಮೆಂಟ್ ಅನ್ನುವ ಕಾಂಪೋಸಿಟ್ ತಾನಾಗಿ ಹಲ್ಲಿಗೆ ಅಂಟುವುದಿಲ್ಲ. ಫಾಸ್ಫಾರಿಕ್ ಆಮ್ಲ ಹಚ್ಚಿದರೆ ಎನಾಮೆಲ್ ಒರಟಾಗಿ ರಾಳವನ್ನು ಹಿಡಿಯುತ್ತದೆಂದು ಅಮೆರಿಕದ ಮೈಕೆಲ್ ಬ್ಯೂನೊಕೋರ್ 1955ರಲ್ಲಿ ತೋರಿಸಿದರು. ಆಮ್ಲ ತೊಳೆದು ಒಣಗಿಸಿದಾಗ ಎನಾಮೆಲ್ ಸುಣ್ಣದಂತೆ ಬೆಳ್ಳಗಾಗಬೇಕು. ಆ ಬಿಳುಪಿಗಾಗಿ ನಾನು ಗುಳಿಯ ತಳವನ್ನೂ ಹಾಗೇ ಒಣಗಿಸಿಬಿಟ್ಟಿದ್ದೆ.

ತಳದಲ್ಲಿರುವುದು ಡೆಂಟಿನ್, ಅದರ ಗುಣವೇ ಬೇರೆ. ಎನಾಮೆಲ್ ತೂಕದಲ್ಲಿ ಸುಮಾರು ಶೇ. 96ರಷ್ಟು ಖನಿಜ. ಡೆಂಟಿನ್‌ನಲ್ಲಿ ಖನಿಜ ಶೇ. 70ರಷ್ಟು, ಉಳಿದದ್ದು ಹೆಚ್ಚಾಗಿ ಕೊಲಾಜೆನ್ ನಾರು, ನೀರು. ಆಮ್ಲ ಖನಿಜವನ್ನು ಕರಗಿಸಿದ ಮೇಲೆ ಆ ನಾರುಗಳನ್ನು ಎತ್ತಿ ನಿಲ್ಲಿಸುವುದು ನೀರು. ಕೆರೆಯಲ್ಲಿ ಬಿಡಿಬಿಡಿಯಾಗಿ ತೇಲುವ ಪಾಚಿಯನ್ನು ದಡಕ್ಕೆಳೆದರೆ ಮುದ್ದೆಯಾಗುವುದಿಲ್ಲವೇ, ಹಾಗೆ ಒಣಗಿದ ನಾರು ಕುಸಿದು ಕೂರುತ್ತದೆ. ಅಂಟಾಗಿ ಹಚ್ಚುವ ರಾಳ, ಅಂದರೆ ಬಾಂಡಿಂಗ್ ದ್ರವ, ನುಸುಳಲು ಸಂದಿಯೇ ಇರುವುದಿಲ್ಲ. ಮುಚ್ಚದೆ ಉಳಿದ ಸೂಕ್ಷ್ಮ ನಾಳಗಳೊಳಗಿನ ದ್ರವ ತಣ್ಣೀರಿಗೆ ಅಲುಗಿದಾಗೆಲ್ಲ ನರ ಮಿಡಿಯುತ್ತದೆ. ಆಕೆ ಹೇಳಿದ ಜುಮ್ ಅದೇ. ನಾರೂ ರಾಳವೂ ಹೆಣೆದುಕೊಂಡ ಪದರವನ್ನು ಜಪಾನಿನ ನಕಬಯಾಶಿ 1982ರಲ್ಲೇ ವಿವರಿಸಿದ್ದರು. ಪರೀಕ್ಷೆಯಲ್ಲಿ ನಾನದನ್ನು ಬರೆದೂ ಇದ್ದೆ, ಕೈಗೆ ಇಳಿದಿರಲಿಲ್ಲ.

ಈ ಸಲ ಹುಳುಕು ತೆಗೆದು, ರಬ್ಬರ್ ಡ್ಯಾಮ್ ಕಟ್ಟಿ ಜೊಲ್ಲನ್ನು ದೂರವಿಟ್ಟೆ. ಆಮ್ಲ ತೊಳೆದ ಮೇಲೆ ಹೆಚ್ಚಿನ ನೀರನ್ನು ಹತ್ತಿಯಿಂದ ಒತ್ತಿ ಹೀರಿಸಿ, ಡೆಂಟಿನ್ ತೇವದಿಂದ ಮಿನುಗುತ್ತಿರುವಾಗಲೇ ಬಾಂಡಿಂಗ್ ಉಜ್ಜಿದೆ. ಕಾಂಪೋಸಿಟ್ ಗಟ್ಟಿಯಾಗುವಾಗ ಕುಗ್ಗುತ್ತದೆ; ಅದಕ್ಕೇ ಎರಡೆರಡು ಮಿಲಿಮೀಟರಿನಂತೆ ಪದರ ಪದರವಾಗಿ ತುಂಬಿದೆ. ದುಡ್ಡು ತೆಗೆದುಕೊಳ್ಳಲಿಲ್ಲ.

"ಹೋದ ಸಲ ತಪ್ಪು ನನ್ನದಮ್ಮ" ಎಂದೆ.

ಆಕೆ ಕೆನ್ನೆಯ ಮೇಲಿಂದ ಕೈ ತೆಗೆದರು. "ಹಂಗಾದ್ರೆ ಕಡ್ಲೆ ತಿಂದಿದ್ದಕ್ಕಲ್ವಾ ಡಾಕ್ಟ್ರೇ? ಆವತ್ತಿಂದ ಮುಟ್ಟೇ ಇಲ್ಲ ನಾನು."