ಹಾಲು ಹುಳ ಮತ್ತು ಅಕ್ಕನ ಮೊದಲ ಅಸೈನ್‌ಮೆಂಟ್

ಈ ಬರಹದಲ್ಲಿ ‘ನಾವು’ ಅಂದರೆ ಇಬ್ಬರು. ಒಬ್ಬಳು ಅಕ್ಕ. ಬಿ.ಎಸ್ಸಿ. ಮುಗಿಸಿ, ಈ ವರ್ಷ ಮನೆಯಿಂದಲೇ ಆನ್‌ಲೈನ್‌ನಲ್ಲಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಸ್ನಾತಕೋತ್ತರ ಕೋರ್ಸ್ ಸೇರಿದವಳು. ಇನ್ನೊಬ್ಬರು ಇದೇ ಕಾಲೇಜಿನ ಎರಡನೇ ವರ್ಷದವರು, ಲ್ಯಾಪ್‌ಟಾಪ್ ಸರಿ ಮಾಡಿಕೊಡುವ ನೆಪದಲ್ಲಿ ಪಕ್ಕದಲ್ಲಿ ಕೂತು ಕ್ಲಾಸ್ ಕೇಳಿಸಿಕೊಂಡವರು. ಅಸೈನ್‌ಮೆಂಟ್ ಬರೆದಿದ್ದು ಅಕ್ಕನೇ. ಆದರೆ ಪೇಚಿಗೆ ಸಿಕ್ಕಿದ್ದು ಇಬ್ಬರೂ.

ಅವಳು ಸೇರಿದಾಗ ಆವತಿಯಲ್ಲಿ ನಮ್ಮ ನೆಂಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: “ಪುಸ್ತಕ ಜೋಡಿಸೋಕೆ ಎರಡು ವರ್ಷ ಓದ್ಬೇಕೇನಮ್ಮ?” ಅವಳಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ನಕ್ಕು ಸುಮ್ಮನಾಗ್ತಿದ್ದಳು.

ಮೊದಲ ಪಾಠದ ಹೆಸರು ‘ಮಾಹಿತಿ ಸಮುದಾಯಗಳು’. ಒಂದೇ ಥರದ ಮಾಹಿತಿ ಬೇಕಾಗಿರುವ, ಅದನ್ನು ಒಬ್ಬರಿಂದ ಒಬ್ಬರು ಪಡೆಯುವ ಜನರ ಗುಂಪು ಅಂತ ಅರ್ಥ. ಡಾಕ್ಟರುಗಳದ್ದು ಒಂದು ಸಮುದಾಯ, ಹೊಸದಾಗಿ ತಾಯಿಯಾದವರದ್ದು ಇನ್ನೊಂದು. ಅಸೈನ್‌ಮೆಂಟ್ ಏನಪ್ಪಾ ಅಂದರೆ, ಒಂದು ಸಮುದಾಯ ಆರಿಸಿಕೊಂಡು ಅವರಿಗೆ ಏನಾದರೂ ಗೊತ್ತಾಗಬೇಕಾದರೆ ಮೊದಲು ಯಾರನ್ನು ಕೇಳ್ತಾರೆ ಅಂತ ಬರೆಯಬೇಕು. ನಾವು ತಕ್ಷಣ ಕೋಡಿಂಗ್ ಕಲಿಯುವ ವಿದ್ಯಾರ್ಥಿಗಳನ್ನು ಆರಿಸಿದೆವು. ಸುಲಭ, ಇಂಗ್ಲಿಷಲ್ಲಿ ಬೇಕಾದಷ್ಟು ಸಿಗುತ್ತೆ, ಒಂದೇ ರಾತ್ರಿಗೆ ಮುಗಿಯುತ್ತೆ.

ಅದೇ ವಾರ ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಗೊತ್ತಿಲ್ಲದವರಿಗೆ ಹೇಳೋದಾದರೆ, ಹುಳ ಸೊಪ್ಪು ತಿನ್ನೋದು ನಿಲ್ಲಿಸಿ, ತಲೆ ಎತ್ತಿ ಅಲ್ಲಾಡದೆ ಕೂತು ಪೊರೆ ಬಿಡೋದಕ್ಕೆ ನಮ್ಮ ಕಡೆ ‘ಜ್ವರ’ ಅಂತಾರೆ. ನಾಲ್ಕು ಜ್ವರ ಆದಮೇಲೆ ಒಂದು ವಾರ ಹಗಲು ರಾತ್ರಿ ತಿಂದು ಗೂಡು ಕಟ್ಟುತ್ತೆ. ಮೊಟ್ಟೆ ಒಡೆದಾಗಿನಿಂದ ಲೆಕ್ಕ ಹಾಕಿದರೂ ಸುಮಾರು 25 ದಿನದ ಬದುಕು. ಹಾಕಿದ ಖರ್ಚೆಲ್ಲ ವಾಪಸ್ ಬರಬೇಕಾದ್ದು ಆ ಕೊನೆಯ ವಾರದಲ್ಲೇ.

ಒಂದು ಬೆಳಿಗ್ಗೆ ಅಪ್ಪ ಕೆಲವು ಹುಳ ಎತ್ತಿ ಬೆಳಕಿಗೆ ಹಿಡಿದು ನೋಡ್ತಿದ್ದರು. ಮೈ ಊದಿಕೊಂಡು ಹೊಳೀತಿತ್ತು. ಸೊಪ್ಪು ಬಿಟ್ಟು ಹಾಸಿಗೆಯ ಅಂಚಿನಲ್ಲಿ ಸುಮ್ಮನೆ ಓಡಾಡ್ತಿದ್ದವು. ಮುಟ್ಟಿದರೆ ಬಿಳಿ ನೀರು. “ಹಾಲು ಹುಳ” ಅಂದರು ಅಪ್ಪ. ಅಜ್ಜಿ ಒಳಗಿಂದಲೇ, “ಯಾರ ಹತ್ರಾನೂ ಅನ್ಬ್ಯಾಡ, ಸುಮ್ನಿರು” ಅಂದರು.

ನಾವು ಫೋನ್ ತೆಗೆದು ‘ಮಿಲ್ಕ್ ವರ್ಮ್ ಡಿಸೀಸ್’ ಅಂತ ಹುಡುಕಿದೆವು. ಹಸುವಿನ ಹಾಲಿನ ಬಗ್ಗೆ, ಮಕ್ಕಳ ಹೊಟ್ಟೆ ಹುಳದ ಬಗ್ಗೆ ಬಂತು. ಹನ್ನೆರಡು ವರ್ಷ ಇಂಗ್ಲಿಷ್ ಮೀಡಿಯಂ ಓದಿದ್ದಕ್ಕೆ ಸಿಕ್ಕ ಫಲ ಇಷ್ಟೇ. ಇಂಗ್ಲಿಷಲ್ಲಿ ಅದಕ್ಕೆ ‘ಗ್ರ್ಯಾಸರಿ’ ಅಂತಾರೆ ಅನ್ನೋದು ಗೊತ್ತಾಗುವಷ್ಟರಲ್ಲಿ ಎರಡು ದಿನ ಆಗಿತ್ತು. ಅಪ್ಪನಿಗೆ ಗೊತ್ತಿದ್ದ ಪದ ನಮ್ಮ ಫೋನಿಗೆ ಗೊತ್ತಿರಲಿಲ್ಲ, ಫೋನಿಗೆ ಗೊತ್ತಿದ್ದ ಪದ ಅಪ್ಪನಿಗೆ ಗೊತ್ತಿರಲಿಲ್ಲ. ಮಧ್ಯದಲ್ಲಿ ಕೂತಿದ್ದ ನಮಗೆ ಎರಡೂ ಗೊತ್ತಿರಲಿಲ್ಲ.

ಅದು ವೈರಸ್‌ನಿಂದ ಬರುವ ರೋಗ. ಬಂದ ಹುಳಕ್ಕೆ ಮದ್ದಿಲ್ಲ. ಮಿಕ್ಕವನ್ನು ಉಳಿಸಿಕೊಳ್ಳೋದಷ್ಟೇ ದಾರಿ. ರೋಗದ ಹುಳವನ್ನು ಆರಿಸಿ ತೆಗೀಬೇಕು, ನೆಲಕ್ಕೆ ಎಸೆಯಬಾರದು, ಕೋಳಿಗೆ ಹಾಕಬಾರದು, ಸುಣ್ಣ ಹಾಕಿ ಗುಂಡಿಯಲ್ಲಿ ಮುಚ್ಚಬೇಕು. ಕೈ ತೊಳೆಯದೆ ಇನ್ನೊಂದು ಹಾಸಿಗೆ ಮುಟ್ಟಬಾರದು. ಅಪ್ಪನಿಗೆ ಇದರಲ್ಲಿ ಅರ್ಧ ಗೊತ್ತಿತ್ತು. ಉಳಿದರ್ಧ ಎದುರು ಮನೆ ಅತ್ತೆಗೆ ಗೊತ್ತಿತ್ತು. ಆದರೆ ಅವರನ್ನು ಕೇಳಿರಲಿಲ್ಲ.

ಮೂರನೇ ದಿನ ಸಂಜೆ ಅತ್ತೆಯೇ ಬಂದರು. ಬಾಗಿಲಲ್ಲೇ ನಿಂತು, ಸ್ವಲ್ಪ ಹೊತ್ತು ಬೇರೆ ಏನೇನೋ ಮಾತಾಡಿ ಆಮೇಲೆ, “ನಮ್ಮನೇಲಿ ಹುಳ ಹಾಲಾಗವೆ ಕಣಣ್ಣ, ನಾಕು ದಿನ ಆಯ್ತು” ಅಂದರು. ನಮಗಿಂತ ಒಂದು ದಿನ ಮುಂಚೆ. ಅವರೂ ಮುಚ್ಚಿಟ್ಟಿದ್ದರು. ರಸ್ತೆಯ ಈಚೆ ಒಂದು ಗುಟ್ಟು, ಆಚೆ ಅದೇ ಗುಟ್ಟು.

ಯಾಕೆ ಮುಚ್ಚಿಡೋದು ಅಂತ ನಾವು ಅಪ್ಪನ ಮೇಲೆ ಸಿಟ್ಟಾದೆವು. ಅಪ್ಪ ಶಾಂತವಾಗಿ ಲೆಕ್ಕ ಕೊಟ್ಟರು. ರೋಗದ ಮನೆ ಅಂತ ಹೆಸರು ಬಂದರೆ ಗೂಡು ಬಿಡಿಸೋಕೆ ಯಾರೂ ಬರಲ್ಲ. ಸೊಪ್ಪು ಸಾಲದೆ ಬಂದರೆ ಕೊಡೋಕೆ ಹಿಂದೆ ಮುಂದೆ ನೋಡ್ತಾರೆ. “ಕೇಳಿದ್ರೆ ಸಿಗೋದೆಷ್ಟೋ, ಹೋಗೋದಂತೂ ಗ್ಯಾರಂಟಿ.”

ಎರಡು ದಿನ ಬಿಟ್ಟು ಅಕ್ಕನ ಕ್ಲಾಸಿನಲ್ಲಿ ಎಲ್ಫ್ರೆಡಾ ಚ್ಯಾಟ್‌ಮನ್ ಅನ್ನೋ ಅಮೆರಿಕದ ವಿದ್ವಾಂಸೆಯ ಹೆಸರು ಬಂತು. ಆಕೆ ಓದಿದವರನ್ನು ಬಿಟ್ಟು, ಒಂದು ವಿಶ್ವವಿದ್ಯಾಲಯದ ಕಸ ಗುಡಿಸುವವರು, ವೃದ್ಧಾಶ್ರಮದ ಹೆಂಗಸರು, ಜೈಲಿನಲ್ಲಿರುವ ಹೆಂಗಸರು ಮಾಹಿತಿಯನ್ನು ಹೇಗೆ ಪಡೀತಾರೆ ಅಂತ ನೋಡಿದವರು. 1996ರಲ್ಲಿ ‘ಮಾಹಿತಿ ಬಡತನ’ದ ಬಗ್ಗೆ ಒಂದು ಸಿದ್ಧಾಂತ ಕೊಟ್ಟರು. ಬಡತನ ಅಂದರೆ ಮಾಹಿತಿ ಇಲ್ಲದಿರೋದು ಮಾತ್ರ ಅಲ್ಲ. ಕಷ್ಟ ಹೇಳಿಕೊಂಡರೆ ಲಾಭಕ್ಕಿಂತ ನಷ್ಟ ಜಾಸ್ತಿ ಅಂತ ಜನ ಲೆಕ್ಕ ಹಾಕ್ತಾರೆ, ಆಮೇಲೆ ಗುಟ್ಟು ಮಾಡ್ತಾರೆ, ಎಲ್ಲಾ ಚೆನ್ನಾಗಿದೆ ಅಂತ ತೋರಿಸಿಕೊಳ್ತಾರೆ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇದು ಅಪ್ಪ ಕೊಟ್ಟ ಲೆಕ್ಕವೇ!

ಹಾಗೆ ನೋಡಿದರೆ ನಮ್ಮೂರು ಹುಟ್ಟಿದ್ದೇ ಒಂದು ಗುಟ್ಟಿನಿಂದ ಅಂತಾರೆ. ಕಂಚಿಯ ಕಡೆಯಿಂದ ಏಳು ಒಕ್ಕಲು ಕುಟುಂಬಗಳು ಯಾರಿಗೂ ಹೇಳದೆ ರಾತ್ರೋರಾತ್ರಿ ಗಾಡಿ ಕಟ್ಟಿಕೊಂಡು ಬಂದು ಇಲ್ಲಿನ ಬೆಟ್ಟದ ಬುಡದಲ್ಲಿ ಇಳಿದವು ಅನ್ನೋದು ಆವತಿ ನಾಡಪ್ರಭುಗಳ ಕತೆ. ರಣಭೈರೇಗೌಡರ ಹೆಸರು, ಕೆಂಪೇಗೌಡರ ಮನೆತನದ ಮೂಲ ಎಲ್ಲಾ ಆ ಗಾಡಿಗಳಿಂದಲೇ ಶುರು. ಅವತ್ತು ಗುಟ್ಟು ಜೀವ ಉಳಿಸಿತ್ತು. ಈ ಸಲ ನಮಗೆ 100 ಮೊಟ್ಟೆಗೆ 42 ಕೆ.ಜಿ. ಗೂಡು ಬಂತು. ಬೇರೆ ಸಲ 70ರ ಮೇಲೆ ಬರೋದು.

ಕೋಡಿಂಗ್ ವಿದ್ಯಾರ್ಥಿಗಳ ಅಸೈನ್‌ಮೆಂಟ್ ಡಿಲೀಟ್ ಮಾಡಿದೆವು. ನಮ್ಮ ಬೀದಿಯ ರೇಷ್ಮೆ ಮನೆಗಳ ಬಗ್ಗೆ ಬರೆದೆವು. ಯಾರು ಯಾರನ್ನು ಕೇಳ್ತಾರೆ ಅಂತ ಗೆರೆ ಎಳೆದು ಚಿತ್ರ ಮಾಡಿದಾಗ ಕಂಡಿದ್ದು, ಗೂಡಿನ ರೇಟಿನ ಸುದ್ದಿ ಹತ್ತು ನಿಮಿಷದಲ್ಲಿ ಬೀದಿಯೆಲ್ಲ ಸುತ್ತುತ್ತೆ, ರೋಗದ ಸುದ್ದಿ ಒಂದು ರಸ್ತೆ ದಾಟೋಕೆ ನಾಲ್ಕು ದಿನ ತಗೊಳ್ಳುತ್ತೆ. ಚಿತ್ರದಲ್ಲಿ ನಮ್ಮಿಬ್ಬರ ಕಡೆಗೆ ಒಂದು ಗೆರೆಯೂ ಇರಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಓದಿದವರು ನಾವು, ನಮ್ಮನ್ನು ಯಾರೂ ಏನೂ ಕೇಳಿರಲಿಲ್ಲ. ನಾವೂ ಯಾರನ್ನೂ ಕೇಳಿರಲಿಲ್ಲ, ‘ಹಾಲು ಹುಳ ಅಂದ್ರೇನಪ್ಪ’ ಅಂತ ಕೂಡ. ಗೊತ್ತಿಲ್ಲ ಅನ್ನೋಕೆ ನಾಚಿಕೆ. ಫಸ್ಟ್ ಸೆಮ್‌ನಲ್ಲಿ ಕೊನೆ ಬೆಂಚಲ್ಲಿ ಡೌಟ್ ಇಟ್ಟುಕೊಂಡು ಸುಮ್ಮನಿದ್ದವರಿಗೆ ಇದು ಚೆನ್ನಾಗಿ ಗೊತ್ತಿರುತ್ತೆ.

ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನೋದು. ಅವರೇ 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರು ಮಾಡಿದವರು. 25 ದಿನ ಬದುಕುವ ಹುಳ ಸಾಕುವವರಿಗೆ ನಾಲ್ಕು ದಿನ ಅಂದರೆ ಎಷ್ಟು ಅನ್ನೋದನ್ನು ನಾವು ಈ ಸಲ ತಕ್ಕಡಿಯಲ್ಲಿ ತೂಗಿ ನೋಡಿದೆವು.

ಈಗ ನೆಂಟರು ಕೇಳಿದರೆ ಅಕ್ಕನ ಹತ್ತಿರ ಉತ್ತರ ಇದೆ. “ಯಾರು ಏನು ಕೇಳಿದ್ರು ಅಂತ ಹೊರಗೆ ಬಿಡಬಾರದು, ಇದು ಲೈಬ್ರರಿಯವರ ವೃತ್ತಿಧರ್ಮ. ಹಂಗೆ ಕೇಳೋಕೆ ಊರಿಗೊಂದು ಜಾಗ ಬೇಡ್ವಾ ಚಿಕ್ಕಪ್ಪ?” ಪಂಚಾಯ್ತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಅಂತ ಹೆಸರು. ಅಂಥದ್ದೊಂದರಲ್ಲಿ ಕೆಲಸ ಮಾಡಬೇಕು ಅನ್ನೋದು ಅವಳ ಆಸೆ. ಅಲ್ಲಿವರೆಗೆ ನಮ್ಮ ಮನೆ ಗೋಡೆ ಮೇಲೆ ಒಂದು ಹಾಳೆ ಅಂಟಿಸಿದ್ದೇವೆ: ಒಂದು ಕಡೆ ಹಾಲು ಹುಳ, ಸುಣ್ಣಕಟ್ಟು, ಊಜಿ ನೊಣ, ಇನ್ನೊಂದು ಕಡೆ ಅವುಗಳ ಇಂಗ್ಲಿಷ್ ಹೆಸರು. ಒತ್ತಕ್ಷರ ತಪ್ಪಿದ್ದನ್ನು ಅಪ್ಪ ಪೆನ್ನಿನಲ್ಲಿ ತಿದ್ದಿದ್ದಾರೆ.

ಮುಂದಿನ ಬೆಳೆ ಈಗ ಮೂರನೇ ಜ್ವರ ಎದ್ದಿದೆ. ನಿನ್ನೆ ಅಪ್ಪ ರಸ್ತೆ ದಾಟಿ ಹೋಗಿ, ಅತ್ತೆ ಮನೆ ಜಗಲಿ ಮೇಲೆ ಕೂತು, ಅಂಗೈಯಲ್ಲಿ ಎರಡು ಹುಳ ತೋರಿಸಿ ಕೇಳ್ತಿದ್ದರು. ಅಜ್ಜಿ ಬಾಗಿಲಲ್ಲಿ ನಿಂತು ನೋಡ್ತಿದ್ದರು. ಈ ಸಲ ಸುಮ್ನಿರು ಅನ್ನಲಿಲ್ಲ.