ಕಾಲರಿನ ಒಳಮೈ

ಭಾನುವಾರ ಸಂಜೆ ಕಾಫಿ ಮುಗಿಯಿತೆಂದರೆ ನಮ್ಮ ಊಟದ ಮೇಜು ನನ್ನ ಸುಪರ್ದಿಗೆ ಬರುತ್ತದೆ. ಅದರ ಮೇಲೆ ಹಳೆಯ ಜಮಖಾನ, ಜಮಖಾನದ ಮೇಲೆ ನಾಲ್ಕು ಮಡಿಕೆಯ ಬಿಳಿ ಪಂಚೆ, ಪಕ್ಕದಲ್ಲಿ ಒಂದು ಚೊಂಬು ನೀರು, ಎದುರಿಗೆ ಇಸ್ತ್ರಿ ಪೆಟ್ಟಿಗೆ. ವಾರದ ಐದು ಅಂಗಿಗಳು ಕುರ್ಚಿಯಲ್ಲಿ ಮುದುಡಿ ಕೂತು ಸರದಿ ಕಾಯುತ್ತಿರುತ್ತವೆ. "ನಾಲ್ಕು ಕಾಸು ಬಿಸಾಕಿದರೆ ಆಗುವ ಕೆಲಸಕ್ಕೆ ಅರ್ಧ ದಿನ" ಎಂದು ಹೆಂಡತಿ ಗೊಣಗುತ್ತಾಳೆ. ಅರ್ಧ ದಿನವೇನಲ್ಲ, ಒಂದೂಕಾಲು ಗಂಟೆ. ವಾರದಲ್ಲಿ ನನಗೆ ಯಾರೂ ನಡುವೆ ಕೈಹಾಕದಂತೆ ಒಂದು ಕೆಲಸ ಶುರುವಾಗಿ ಪೂರ್ತಿ ಮುಗಿಯುವುದು ಆ ಹೊತ್ತಿನಲ್ಲಿ ಮಾತ್ರ.

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇರಲಿಲ್ಲ. ಅಪ್ಪ ಹಿತ್ತಾಳೆ ಚೊಂಬಿಗೆ ಒಲೆಯ ಕೆಂಡ ತುಂಬಿ, ಅದರ ಕಂಠವನ್ನು ಇಕ್ಕಳದಲ್ಲಿ ಹಿಡಿದು ಅಂಗಿಯ ಮೇಲೆ ಉಜ್ಜುತ್ತಿದ್ದರು. ಪ್ಯಾಂಟಿಗೆ ಆ ಭಾಗ್ಯವೂ ಇಲ್ಲ. ರಾತ್ರಿ ಮಡಚಿ ಹಾಸಿಗೆಯ ಕೆಳಗಿಟ್ಟು ಅದರ ಮೇಲೆ ಮಲಗಿದರೆ ಬೆಳಿಗ್ಗೆ ಗೆರೆ ಎದ್ದಿರುತ್ತಿತ್ತು. ಹೊರಳಾಡಿದರೆ ಒಂದರ ಬದಲು ಮೂರು ಗೆರೆ! ಅಂದ ಹಾಗೆ ಇಸ್ತ್ರಿ ನಮ್ಮ ಮಾತಲ್ಲ. ಎಳೆದು ಚಾಚುವುದು ಎಂಬರ್ಥದ ಪೋರ್ಚುಗೀಸ್ ಪದದಿಂದ ಬಂದದ್ದು. ಇಸ್ತ್ರಿಯಾದ ಬಟ್ಟೆ ಸೇರುವ ಅಲ್ಮೆರಾ, ಅದಕ್ಕೆ ಹಾಕುವ ಚಾವಿ, ಎರಡೂ ಅದೇ ಹಡಗಿನಲ್ಲಿ ಇಳಿದವು.

ನನಗೆ ಕೆಲಸ ಕಲಿಸಿದವರು ನಮ್ಮ ಬೀದಿಯ ಕೊನೆಯಲ್ಲಿ, ಹೊಂಗೆ ಮರದ ಕೆಳಗೆ ತಳ್ಳುಗಾಡಿ ನಿಲ್ಲಿಸಿಕೊಂಡಿದ್ದ ಹಿರಿಯರು. ಆರೇಳು ಕಿಲೋ ತೂಗುವ ಇದ್ದಿಲಿನ ಪೆಟ್ಟಿಗೆ ಅವರ ಕೈಯಲ್ಲಿ ನೀರಿನ ಮೇಲಿನ ದೋಣಿಯಂತೆ ಜಾರುತ್ತಿತ್ತು. ಒಮ್ಮೆ ನಾನು ಹೊಸ ಪಾಲಿಯೆಸ್ಟರ್ ಅಂಗಿಯ ಬೆನ್ನಿಗೆ ಪೆಟ್ಟಿಗೆಯ ತ್ರಿಕೋನದ ಮುದ್ರೆಯೊತ್ತಿ ಅವರ ಹತ್ತಿರ ಓಡಿದ್ದೆ. ಅವರು ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು: "ಇದು ಬಟ್ಟೆಯಲ್ಲ ಸ್ವಾಮಿ, ಪ್ಲಾಸ್ಟಿಕ್ಕು. ಇದಕ್ಕೆ ಶಾಖ ತೋರಿಸಬೇಕು, ಕೊಡಬಾರದು." ಪೆಟ್ಟಿಗೆಯ ಗುಂಡಿಯ ಮೇಲಿನ ಚುಕ್ಕಿಗಳಿಗೂ ಅರ್ಥವಿದೆ ಎಂದು ನಾನು ತಿಳಿದದ್ದು ಆಮೇಲೆ. ಒಂದು ಚುಕ್ಕಿಗೆ 110 ಡಿಗ್ರಿ, ಎರಡಕ್ಕೆ 150, ಮೂರಕ್ಕೆ 200. ಹಿರಿಯರ ಮಾಪಕ ಬೇರೆ: ಒದ್ದೆ ಬೆರಳಿನಿಂದ ತಳವನ್ನು ಮುಟ್ಟಿಯೂ ಮುಟ್ಟದಂತೆ ಸವರುವುದು. 'ಚುಯ್' ಎಂಬ ಸದ್ದಿನ ಉದ್ದದಲ್ಲೇ ಅವರಿಗೆ ಹತ್ತಿ, ಉಣ್ಣೆ, ರೇಷ್ಮೆಗಳ ಲೆಕ್ಕ ಸಿಗುತ್ತಿತ್ತು.

ಹತ್ತಿಯ ಅಂಗಿಗೆ ಮೊದಲು ನೀರು ಚಿಮುಕಿಸಿ, ಸುರುಳಿ ಸುತ್ತಿ ಅರ್ಧ ಗಂಟೆ ಇಡಬೇಕು. ಆಗ ತೇವ ಎಲ್ಲ ಕಡೆ ಒಂದೇ ಸಮ ಹರಡುತ್ತದೆ. ಹತ್ತಿಯ ಎಳೆಗಳೊಳಗಿನ ಹಿಡಿತಗಳು ನೀರಿಗೂ ಶಾಖಕ್ಕೂ ಸಡಿಲುತ್ತವೆ, ಒಣಗಿ ತಣಿಯುವಾಗ ಹೊಸ ಜಾಗದಲ್ಲಿ ಕಚ್ಚಿಕೊಳ್ಳುತ್ತವೆ. ಬಿಸಿಯಿರುವಾಗಲೇ ಅಂಗಿ ತೊಟ್ಟರೆ ಮೈಯ ಸುಕ್ಕೇ ಅದಕ್ಕೆ ಖಾಯಂ.

ಶುರು ಮಾಡುವುದು ಕಾಲರಿನಿಂದ, ಅದೂ ಒಳಮೈಯಿಂದ. ಎರಡು ತುದಿಗಳಿಂದ ನಡುವಿಗೆ ಬರಬೇಕು. ನಡುವಿನಿಂದ ತುದಿಗೆ ಹೋದರೆ ಬಟ್ಟೆಯೆಲ್ಲ ಮೂಲೆಗೆ ತಳ್ಳಿಕೊಂಡು ಅಲ್ಲಿ ಸಣ್ಣ ನೆರಿಗೆ ಕೂರುತ್ತದೆ, ಮತ್ತೆ ಏಳುವುದಿಲ್ಲ. ಆಮೇಲೆ ಹೊರಮೈ, ಭುಜ, ಕೈಪಟ್ಟಿ, ತೋಳು, ಬೆನ್ನು. ಎದೆಯ ಭಾಗ ಕಟ್ಟಕಡೆಗೆ. ಎಲ್ಲರ ಕಣ್ಣಿಗೆ ಬೀಳುವುದನ್ನು ಮೊದಲೇ ಮುಗಿಸಿಟ್ಟರೆ, ಉಳಿದದ್ದನ್ನು ಹೊರಳಿಸುವಾಗ ಅದು ಮತ್ತೆ ಮುದುಡುತ್ತದೆ. ಗುಂಡಿಗಳ ಸಾಲಿಗೆ ಬಂದಾಗ ಪೆಟ್ಟಿಗೆಯ ಮೂತಿ ಗುಂಡಿ ಗುಂಡಿಯ ನಡುವೆ ತೂರಿ ಹಿಂದೆ ಸರಿಯಬೇಕು. ಆ ಹೊತ್ತಿನಲ್ಲಿ ನಾನು ಉಸಿರನ್ನೂ ಬಿಗಿ ಹಿಡಿದಿರುತ್ತೇನೆ.

"ಕಾಲರಿನ ಒಳಗಡೆ ಯಾರಿಗೆ ಕಾಣುತ್ತೆ?" ಎಂದು ಹಿರಿಯರನ್ನು ಕೇಳಿದ್ದೆ. "ನನಗೆ ಕಾಣ್ತದಲ್ಲ" ಎಂದರು. ಅವರ ಗಾಡಿಯ ಕಂಬಕ್ಕೆ ಮಡಿವಾಳ ಮಾಚಿದೇವರ ಪಟ ಅಂಟಿಸಿತ್ತು. 12ನೇ ಶತಮಾನದ ಆ ಶರಣ ಬಸವಣ್ಣನವರ ಸಂಗಾತಿ, ಬಟ್ಟೆ ಒಗೆದೇ ಬದುಕಿದವರು, ವಚನಗಳನ್ನೂ ಬರೆದವರು. ಕಾಯಕ ಮಾಡದವರ ಬಟ್ಟೆಯನ್ನು ಅವರು ಮುಟ್ಟುತ್ತಲೇ ಇರಲಿಲ್ಲವಂತೆ. ಗಿರಾಕಿಯನ್ನು ವಾಪಸು ಕಳಿಸುವ ಆ ಗತ್ತು ಹಿರಿಯರಿಗೂ ಇತ್ತು. ಹಬ್ಬದ ಹಿಂದಿನ ಸಂಜೆ "ಬೇಗ ಬೇಗ ಎಳೆದು ಕೊಡಿ ಸಾಕು" ಎಂದವರಿಗೆ ಅವರ ಉತ್ತರ ಒಂದೇ: "ಹಾಗಾದರೆ ಬೇರೆ ಕಡೆ ಕೊಡಿ."

ನನ್ನ ಶ್ರಮದ ಆಯುಸ್ಸು ಎಷ್ಟೆಂದು ನನಗೆ ಗೊತ್ತಿದೆ. ಸೋಮವಾರ ಬೆಳಿಗ್ಗೆ ಮೆಜೆಸ್ಟಿಕ್ ಬಸ್ಸಿನಲ್ಲಿ ಕಂಬಕ್ಕೂ ಪಕ್ಕದವರ ಬ್ಯಾಗಿಗೂ ನಡುವೆ ಸಿಕ್ಕಿ ಇಪ್ಪತ್ತು ನಿಮಿಷ ನಿಂತರೆ ಬೆನ್ನಿನ ಕೆಲಸವೆಲ್ಲ ಮುಗಿಯಿತು. ಕಚೇರಿಯಲ್ಲಿ ನನ್ನ ಅಂಗಿಯನ್ನು ಈವರೆಗೆ ಯಾರೂ ಹೊಗಳಿಲ್ಲ. ಆದರೂ ಸಾಯಂಕಾಲ ಮನೆಗೆ ಬಂದು ಅಂಗಿ ಕಳಚುವಾಗ ಕಾಲರನ್ನು ಎತ್ತಿ ನೋಡುತ್ತೇನೆ. ಬೆವರಿನ ಒಂದು ಗೆರೆ ಬಿಟ್ಟರೆ ಒಳಮೈ ಹಾಗೆಯೇ ಇರುತ್ತದೆ.

ನಿಮ್ಮ ಮನೆಯಲ್ಲೂ ಒಂದು ಇಸ್ತ್ರಿ ಪೆಟ್ಟಿಗೆ ಇದ್ದೇ ಇರುತ್ತದೆ. ಈ ಭಾನುವಾರ ಐದು ಬೇಡ, ಒಂದೇ ಒಂದು ಅಂಗಿ ಮಾಡಿ ನೋಡಿ. ಕಾಲರಿನಿಂದ ಶುರು ಮಾಡಿ, ಒಳಮೈ ಮೊದಲು.