ಹತ್ತು ಗಾಲಿಯಿಂದ ನಾಲ್ಕಕ್ಕೆ

ಸೈನ್ಯ ಬೇಡವೆಂದು ಹರಾಜಿಗೆ ಹಾಕಿದ ಹತ್ತು ಗಾಲಿಯ ಲಾರಿಯೊಂದನ್ನು ಕೊಂಡು ತರುವುದು, ಹಿಂದಿನ ಎರಡು ಆಕ್ಸಲ್‌ಗಳಲ್ಲಿ ಒಂದನ್ನು ಕಿತ್ತು ಚಾಸಿಯ ಬಾಲ ಕತ್ತರಿಸುವುದು, ಕೊನೆಗೆ ನಾಲ್ಕು ಗಾಲಿಯ ಗಿಡ್ಡ ಲಾರಿಯೊಂದನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಹಿಗ್ಗುವುದು: ಇಂಥ ಹುಚ್ಚು ಅಮೆರಿಕದಲ್ಲಿ ಸಾಕಷ್ಟು ಜನಕ್ಕಿದೆ. ಮಿಶಿಗನ್ನಿಗೆ ಬಂದು ನೆಲೆಸಿದ ಮೇಲೆ ನನಗೂ ಅಂಟಿತು. ಲಾಭದ ಮಾತು ಕೇಳಬೇಡಿ. ಮೊದಲು ಐದು ಟನ್ ಹೊರುತ್ತಿದ್ದ ಲಾರಿಗೆ ಈಗ ಅದರ ಅರ್ಧ ಹೇರಲೂ ನಾನು ಹಿಂದೆಮುಂದೆ ನೋಡುತ್ತೇನೆ. ತಿಪಟೂರಿನಿಂದ ಅಮ್ಮ ಫೋನ್ ಮಾಡಿದಾಗ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲ ಕಣೋ, ದುಡ್ಡು ಕೊಟ್ಟು ಹತ್ತು ಗಾಲಿದು ತಗೊಂಡು ನಾಲ್ಕು ಮಾಡ್ಕೊಂಡ್ಯಂತೆ. ಮಿಕ್ಕಿದ್ ಆರು ಏನ್ ಮಾಡ್ದೆ?” ಶೆಡ್ಡಿನ ಹಿಂದೆ ಬಿದ್ದಿವೆ ಅಂದೆ. “ಸರಿ ಬಿಡು” ಅಂದರು. ಆ “ಸರಿ ಬಿಡು” ಎಂಥದ್ದು ಎಂದು ಮಕ್ಕಳಿಗೆಲ್ಲ ಗೊತ್ತಿರುತ್ತದೆ.

ಲಾರಿಯ ಹೆಸರು ಎಂ-35. ದಾರಿಯಿಲ್ಲದ ಕಡೆ ಎರಡೂವರೆ ಟನ್, ಡಾಂಬರು ರಸ್ತೆಯಲ್ಲಿ ಐದು ಟನ್ ಎಂಬುದು ಇದಕ್ಕೆ ಸೈನ್ಯ ಬರೆದಿಟ್ಟ ಹೊರೆ. ಮೊದಲಿನ ಲೆಕ್ಕವೇ ಅಡ್ಡಹೆಸರಾಗಿ ‘ಡ್ಯೂಸ್ ಅಂಡ್ ಎ ಹಾಫ್’ ಎಂದು ನಿಂತಿತು. ಇದರ ಅಣ್ಣ ಎರಡನೇ ಮಹಾಯುದ್ಧದ ಜಿಎಂಸಿ ಲಾರಿ. 1944ರಲ್ಲಿ ಫ್ರಾನ್ಸಿನುದ್ದಕ್ಕೂ ಪೆಟ್ರೋಲು, ಮದ್ದುಗುಂಡು ಸಾಗಿಸಿದ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಓಡಿದ್ದು ಹೆಚ್ಚಾಗಿ ಅದರ ಬೆನ್ನ ಮೇಲೆ. ಯುದ್ಧ ಮುಗಿದ ಮೇಲೆ ಹೊಸದೊಂದು ಬೇಕೆಂದಾಗ ಅದನ್ನು ರೂಪಿಸಿಕೊಟ್ಟದ್ದು ಇದೇ ಮಿಶಿಗನ್ನಿನ ಲಾನ್ಸಿಂಗ್ ಊರಿನ ರಿಯೋ ಕಂಪನಿ. ರ್‍ಯಾನ್ಸಮ್ ಇ. ಓಲ್ಡ್ಸ್ ಎಂಬ ಹಿರಿಯ ಕಾರು ತಯಾರಕರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. (ರಿಯೋ ಸ್ಪೀಡ್‌ವ್ಯಾಗನ್ ಎಂಬ ರಾಕ್ ತಂಡದ ಹಾಡು ಕೇಳಿದವರಿದ್ದರೆ, ಆ ಹೆಸರೂ ಈ ಕಂಪನಿಯ ಹಳೆಯ ಲಾರಿಯೊಂದರದೇ.) 1950ರ ಹೊತ್ತಿಗೆ ಲಾರಿ ಸೈನ್ಯಕ್ಕೆ ಬಂತು. ಕಂಪನಿ ಡೈಮಂಡ್ ರಿಯೋ ಆಗಿ 1975ರಲ್ಲಿ ದಿವಾಳಿಯೆದ್ದಿತು. ಲಾರಿ ಮಾತ್ರ ಬೇರೆ ಬೇರೆ ಕಾರ್ಖಾನೆಗಳಲ್ಲಿ ಹುಟ್ಟುತ್ತಲೇ ಹೋಯಿತು. ಕೊರಿಯಾ ನೋಡಿತು, ವಿಯೆಟ್ನಾಂ ನೋಡಿತು, ಕೊನೆಗೆ ಹೊಸ ಪೀಳಿಗೆಯ ಲಾರಿಗಳು ಬಂದಾಗ ಸಾಲುಸಾಲಾಗಿ ಹರಾಜಿನ ಮೈದಾನ ಸೇರಿತು.

ನನ್ನದು ಎ2 ಮಾದರಿ. ಖಾಲಿ ತೂಕವೇ ಹತ್ತಿರಹತ್ತಿರ ಆರು ಟನ್. ಬೀಗದ ಕೈ ಇಲ್ಲ. ಒಂದು ಸ್ವಿಚ್ಚು ತಿರುಗಿಸಿ ಗುಂಡಿ ಒತ್ತಿದರೆ ಚಾಲೂ, ತಂತಿ ಎಳೆದರೆ ಬಂದ್. ವೈಪರ್ ಓಡುವುದು ಗಾಳಿಯ ಒತ್ತಡದಿಂದ. ಕರೆಂಟು 24 ವೋಲ್ಟ್. ಪವರ್ ಸ್ಟಿಯರಿಂಗ್ ಎಂಬುದು ನಿಮ್ಮ ಎರಡು ರಟ್ಟೆಗಳು.

ಇಂಥದ್ದನ್ನು ಮನೆಯಲ್ಲಿ ಕೊಯ್ಯಲು ಸಾಧ್ಯವಾಗುವುದೇ ಅದನ್ನು ಕಟ್ಟಿದ ರೀತಿಯಿಂದ. ಎರಡು ಉದ್ದನೆಯ ಸಿ-ಚಾನೆಲ್ ಉಕ್ಕಿನ ತೊಲೆಗಳು, ನಡುವೆ ಅಡ್ಡಪಟ್ಟಿಗಳು, ಮಿಕ್ಕಿದ್ದೆಲ್ಲ ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ್ದು. ಗುಂಡೇಟು ಬಿದ್ದ ಜಾಗದಲ್ಲೇ, ಕೆಸರಿನಲ್ಲೇ, ಹತ್ತೊಂಬತ್ತರ ಹುಡುಗನೊಬ್ಬ ಬಿಚ್ಚಿ ಜೋಡಿಸುವಂತಿರಬೇಕು ಎಂಬುದು ಆಗಿನ ಷರತ್ತು. ಅದಕ್ಕೆಂದೇ ಬರೆದ ಟಿಎಂ 9-2320-209 ಎಂಬ ಸೈನ್ಯದ ಕೈಪಿಡಿಗಳು ನನ್ನ ಪಾಲಿನ ಪಾರಾಯಣ ಗ್ರಂಥ. ಯಾವ ನಟ್ಟಿಗೆ ಎಷ್ಟು ಬಿಗಿ, ಯಾವ ತೈಲ ಎಲ್ಲಿಗೆ, ಎಲ್ಲವೂ ಚಿತ್ರ ಸಮೇತ. ಪಾಂಡಿತ್ಯದ ಸೋಂಕಿಲ್ಲದ, ಒಂದು ಪದ ಹೆಚ್ಚಿಲ್ಲದ ಗದ್ಯ. ರಾತ್ರಿ ಮಲಗುವ ಮುನ್ನ ನಾನು ಅದನ್ನು ಓದುವುದನ್ನು ಕಂಡು ನನ್ನ ಹೆಂಡತಿ ಮೊದಮೊದಲು ನಗುತ್ತಿದ್ದಳು, ಈಗ ದೀಪ ಆರಿಸಿಬಿಡುತ್ತಾಳೆ.

ಎಂಜಿನ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಕಾಂಟಿನೆಂಟಲ್ ಕಂಪನಿ ರೂಪಿಸಿದ ಆರು ಸಿಲಿಂಡರಿನ ಮಲ್ಟಿಫ್ಯೂಯೆಲ್, 478 ಘನ ಇಂಚು, ಅಂದರೆ 7.8 ಲೀಟರು. ಡೀಸೆಲ್ ಸರಿ, ಸೀಮೆಎಣ್ಣೆ ಸರಿ, ವಿಮಾನದ ಇಂಧನ ಸರಿ, ಗತಿಯಿಲ್ಲದಿದ್ದರೆ ಪೆಟ್ರೋಲೂ ಸರಿ. ಇಂಧನದ ಸಾಂದ್ರತೆ ನೋಡಿ ಅಳತೆ ಹೆಚ್ಚುಕಡಿಮೆ ಮಾಡುವ ಸಾಧನವೊಂದು ಪಂಪಿನಲ್ಲೇ ಇದೆ. ಪಿಸ್ಟನ್ನಿನ ತಲೆಯಲ್ಲಿ ಗುಂಡನೆಯ ಕುಳಿ. ಇಂಧನ ಅದರ ಗೋಡೆಗೆ ಸಿಡಿದು, ಅಲ್ಲಿಂದ ಆವಿಯಾಗುತ್ತಾ ಉರಿಯುತ್ತದೆ. ಈ ಉಪಾಯ ಜರ್ಮನಿಯ ಮಾನ್ ಕಂಪನಿಯದು, ಅಮೆರಿಕನ್ನರು ಪರವಾನಗಿ ಪಡೆದು ತಂದದ್ದು. ನಮ್ಮ ಸೈನ್ಯದ ಶಕ್ತಿಮಾನ್ ಲಾರಿಯೂ ಅದೇ ಮಾನ್ ಕಂಪನಿಯ ಪರವಾನಗಿಯಲ್ಲೇ ಜಬಲ್ಪುರದಲ್ಲಿ ತಯಾರಾದದ್ದು. ತಿಪಟೂರಿನ ಹೆದ್ದಾರಿಯಲ್ಲಿ ಶಕ್ತಿಮಾನ್ ಸಾಲು ಹೋಗುವಾಗ ಸಲ್ಯೂಟ್ ಹೊಡೆಯುತ್ತಿದ್ದ ನಮಗೆ ಈ ನಂಟು ಎಲ್ಲಿ ಗೊತ್ತಿತ್ತು! ಟರ್ಬೊ ಇದೆ, ಆದರೆ ಅದನ್ನು ಹಾಕಿದ್ದು ಶಕ್ತಿ ಹೆಚ್ಚಿಸುವುದಕ್ಕಿಂತ ಹೊಗೆ ಕಡಿಮೆ ಮಾಡಲು. ಕೆಲವು ಟರ್ಬೊಗಳು ಕಿವಿ ಸೀಳುವಂತೆ ಸಿಳ್ಳೆ ಹಾಕುತ್ತವೆ. ಸಿಳ್ಳೆಯಿಲ್ಲದ ಲಾರಿಯವರು ದುಡ್ಡು ಕೊಟ್ಟು ಸಿಳ್ಳೆಯ ಟರ್ಬೊ ಹಾಕಿಸಿಕೊಳ್ಳುವುದೂ ಉಂಟು. ಅಷ್ಟು ಹುಚ್ಚು ನನಗಿನ್ನೂ ಹಿಡಿದಿಲ್ಲ.

ಇನ್ನು ಕೊಯ್ಯುವ ವಿಚಾರ. ಹಿಂದಿನ ಎರಡು ಆಕ್ಸಲ್‌ಗಳನ್ನು ಹೊತ್ತಿರುವುದು ತಲೆಕೆಳಗಾಗಿ ಕೂರಿಸಿದ ದಪ್ಪ ಸ್ಪ್ರಿಂಗ್ ಪ್ಲೇಟುಗಳ ಕಟ್ಟು. ಅದರ ನಡುವನ್ನು ಚಾಸಿಯ ಒಂದು ಗೂಟಕ್ಕೆ ಸಿಕ್ಕಿಸಿದ್ದಾರೆ. ಎರಡು ತುದಿಗಳು ಎರಡು ಆಕ್ಸಲ್ ಮೇಲೆ ಕೂತಿವೆ. ತಕ್ಕಡಿಯ ಹಾಗೆ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ, ಹಳ್ಳದಿಣ್ಣೆಯಲ್ಲಿ ಎಂಟೂ ಗಾಲಿ ನೆಲ ಬಿಡುವುದಿಲ್ಲ. ಒಂದು ಆಕ್ಸಲ್ ತೆಗೆದಿರೋ, ಆ ತಕ್ಕಡಿಯ ಕೆಲಸ ಮುಗಿಯಿತು. ಹೊಸ ಪ್ಲೇಟು, ಹೊಸ ಬ್ರಾಕೆಟ್ಟು ಬೇಕು. ಉಳಿದ ಆಕ್ಸಲನ್ನು ಎಲ್ಲಿ ಕೂರಿಸಬೇಕು ಎಂಬುದರಲ್ಲಿ ಇಡೀ ವಿದ್ಯೆ ಇದೆ. ಮುಂದಿನ ಆಕ್ಸಲಿನಿಂದ ಆ ನಡುಗೂಟಕ್ಕೆ 154 ಇಂಚು. ಹಿಂದಿನ ಎರಡು ಆಕ್ಸಲ್‌ಗಳ ನಡುವೆ 48 ಇಂಚು. ಗೂಟದ ಜಾಗದಲ್ಲೇ ಕೂರಿಸಿದರೆ ಉದ್ದ ವೀಲ್‌ಬೇಸ್, ಹದವಾದ ಓಟ; ಆದರೆ ಪ್ರೊಪೆಲ್ಲರ್ ಶಾಫ್ಟನ್ನು ಉದ್ದ ಮಾಡಿಸಬೇಕು. ಎರಡರಲ್ಲಿ ಮುಂದಿನದನ್ನು ಇದ್ದಲ್ಲೇ ಬಿಟ್ಟರೆ ವೀಲ್‌ಬೇಸ್ 130 ಇಂಚಿಗೆ ಇಳಿಯುತ್ತದೆ, ಶಾಫ್ಟು ಮುಟ್ಟುವಂತಿಲ್ಲ. ನಾನು ಇದನ್ನೇ ಆರಿಸಿಕೊಂಡೆ. ಕಾರ್ಖಾನೆಯವರು ಸರಿಯಾಗಿ ಮಾಡಿಟ್ಟದ್ದನ್ನು ಕೆಡಿಸದೆ ಬಿಡುವುದೇ ಜಾಣತನ ಎಂಬುದು ನನ್ನ ಮತ. ಚಾಸಿಯನ್ನು ನಡುವೆ ಕತ್ತರಿಸಿ ಮತ್ತೆ ವೆಲ್ಡ್ ಮಾಡಿ ಗಿಡ್ಡಗೊಳಿಸುವವರಿದ್ದಾರೆ. ಅವರ ಧೈರ್ಯಕ್ಕೆ ದೂರದಿಂದಲೇ ನಮಸ್ಕಾರ.

ಬಿಚ್ಚುವಾಗ ಮೊದಲ ಪಾಠ ಗಾಲಿಯ ನಟ್ಟಿನಿಂದ. ಎಡಗಡೆಯ ಗಾಲಿಗಳ ನಟ್ಟುಗಳಿಗೆ ಎಡಮರೆ, ಅಂದರೆ ನಮ್ಮ ಅಭ್ಯಾಸಕ್ಕೆ ಉಲ್ಟಾ ತಿರುಗಿಸಿದರೆ ಮಾತ್ರ ಸಡಿಲವಾಗುವುದು. ಸಹಾಯಕ್ಕೆ ಬಂದ ಹುಬ್ಬಳ್ಳಿಯ ಗೆಳೆಯ ನಾಲ್ಕಡಿ ಪೈಪು ಸಿಕ್ಕಿಸಿ, ಅದರ ಮೇಲೆ ನಿಂತು ಕುಣಿಯಲು ಹೊರಟಿದ್ದ. ಹೇಳಿದೆ. “ಅಲ್ಲೋ ಮಾರಾಯಾ, ಇದನ್ನ ಮೊದಲ ಹೇಳೂದಲ್ಲ?” ಎಂದು ಪೈಪನ್ನು ಆ ಕಡೆ ತಿರುಗಿಸಿದ. ಆಮೇಲೆ ಬ್ರೇಕಿನ ಪೈಪು, ಶಾಫ್ಟು, ಟಾರ್ಕ್ ರಾಡುಗಳು. ಹಿಂದಿನ ಆಕ್ಸಲ್ ಗಾಲಿ ಬಿಚ್ಚಿದ ಮೇಲೂ ಬಲು ಭಾರ. ಜಾಕಿಯನ್ನಷ್ಟೇ ನಂಬಿ ಅದರಡಿ ನುಸುಳುವವರ ಜೊತೆ ನಾನು ಕೆಲಸ ಮಾಡುವುದಿಲ್ಲ. ಹಿಂದಿನ ಜೋಡಿಯಲ್ಲಿ ಮುಂದಿರುವ ಆಕ್ಸಲಿನ ಮೂಲಕವೇ ಕೊನೆಯದಕ್ಕೆ ಶಕ್ತಿ ಹೋಗುತ್ತಿದ್ದುದರಿಂದ ಈಗ ಉಳಿದ ಆ ಆಕ್ಸಲಿನ ಹೊರಚಾಚಿದ ತುದಿಗೆ ಮುಚ್ಚಳ ಹಾಕಬೇಕು, ಇಲ್ಲದಿದ್ದರೆ ಗೇರ್ ಆಯಿಲ್ ರಸ್ತೆ ತುಂಬ.

ಚಾಸಿಯ ರಿವೆಟ್ಟುಗಳ ಮಾತು ಬೇರೆ. ಗ್ರೈಂಡರಿನಿಂದ ತಲೆ ಸವೆಸಿ, ಒಳಗಿನ ದೇಹವನ್ನು ಸುತ್ತಿಗೆಯಿಂದ ಹೊರಗೆ ದೂಡಬೇಕು. ಅರ್ಧ ಶತಮಾನದಿಂದ ಅಲ್ಲಾಡದೆ ಕೂತದ್ದು ಹೊರಬರುವಾಗ ಕೆಳಗಿನ ಉಕ್ಕು ಹೊಸದರಂತೆ ಹೊಳೆಯುತ್ತದೆ. ಗ್ಯಾಸ್ ಕಟ್ಟರ್‌ನಿಂದ ಕಿತ್ತೊಗೆಯುವುದು ಸುಲಭ, ಆದರೆ ಆ ಕಾವು ತೊಲೆಯ ಹದ ಕೆಡಿಸುತ್ತದೆ. ಹಾಗೆಯೇ ತೂತು ಕೊರೆಯುವುದಾದರೆ ತೊಲೆಯ ನಿಂತ ಭಾಗದಲ್ಲಿ ಕೊರೆಯಬೇಕು. ಮೇಲಿನ ಕೆಳಗಿನ ಮಡಿಕೆಗೆ ಕೈ ಹಚ್ಚಬಾರದು, ಬಾಗುವ ಭಾರವೆಲ್ಲ ಅಲ್ಲಿಯೇ ಇರುವುದು. ಹೊಸ ಬ್ರಾಕೆಟ್ಟುಗಳನ್ನು ಕೂರಿಸುವ ಮುನ್ನ ತೂಗುಗುಂಡು ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ಹಿಡಿಯುತ್ತೇವೆ. ಎರಡೂ ಕರ್ಣಗಳು ಸಮ ಬಂದರೆ ಆಕ್ಸಲ್ ನೇರ. ಬಾರದಿದ್ದರೆ ಲಾರಿ ಜೀವಮಾನವಿಡೀ ಓರೆಯಾಗಿ ಓಡುತ್ತದೆ. ಈ ಅಳೆಯುವ ಸಂಜೆಗಳೇ ನನಗೆ ಕೆಲಸದ ಸಾರ. ಯಾರೂ ಮಾತಾಡುವುದಿಲ್ಲ, ಟೇಪಿನ ಎರಡು ತುದಿಯಲ್ಲಿ ಇಬ್ಬರು, ಬಾಯಲ್ಲಿ ಬರೀ ಇಂಚು, ಕಾಲು, ಅರೆಕಾಲು.

ಪ್ಲೇಟುಗಳಿಗೆ ಇನ್ನೊಂದು ಗುಜರಿ ಲಾರಿಯ ಮುಂದಿನ ಜೋಡಿಯನ್ನು ತಂದೆ. ಡಿಫರೆನ್ಷಿಯಲ್ಲಿನ ಮೂತಿ ಶಾಫ್ಟಿಗೆ ಸರಿಯಾದ ಕೋನದಲ್ಲಿರಲು ಬೆಣೆ ಕೊಟ್ಟು ಹೊಂದಿಸಬೇಕು; ಕೋನ ತಪ್ಪಿದರೆ ಓಡುವಾಗ ನಡುಕ. ಬಾಲ ಕತ್ತರಿಸಿದ ಮೇಲೆ ಹಿಂದಿನ ಅಡ್ಡಪಟ್ಟಿಯನ್ನು ಟ್ರೈಲರ್ ಎಳೆಯುವ ಕೊಕ್ಕೆ ಸಮೇತ ಮುಂದಕ್ಕೆ ತಂದು ಬೋಲ್ಟು ಬಿಗಿಯುತ್ತಾರೆ. ಮೂಲದ ಹನ್ನೆರಡಡಿ ತೊಟ್ಟಿ ಇನ್ನು ಹೊಂದುವುದಿಲ್ಲ. ಅದರ ಬದಲು ಇದೇ ಲಾರಿಯ ಬೆನ್ನಿಗೆ ಕಟ್ಟುತ್ತಿದ್ದ ಎಂ-105 ಟ್ರೈಲರಿನ ತೊಟ್ಟಿ ಬಿಚ್ಚಿ ಕೂರಿಸಿದರೆ ಹೇಳಿ ಮಾಡಿಸಿದಂತೆ ಕೂರುತ್ತದೆ. ಜೋಡಿ ಗಾಲಿಗಳ ಬದಲು ಒಂದೊಂದೇ ದೊಡ್ಡ ಗಾಲಿ, 395/85ಆರ್20, ಹೊಸ ಪೀಳಿಗೆಯ ಸೈನ್ಯದ ಲಾರಿಗಳದ್ದು. ಹಿಂದಿನ ಹಬ್ಬುಗಳನ್ನು ಒಳಹೊರಗು ತಿರುಗಿಸಿ ಹಾಕಿದರೆ ಹಿಂದಿನ ಗಾಲಿ ಮುಂದಿನದರ ಜಾಡಿಗೆ ಬರುತ್ತದೆ. ನಾಲ್ಕೂ ಒಂದೇ ಅಳತೆಯವಿರಬೇಕು. ಯಾಕೆಂದರೆ ಹಳೆಯ ಬಗೆಯ ನನ್ನ ಟ್ರಾನ್ಸ್‌ಫರ್ ಕೇಸಿನಲ್ಲಿ ಹಿಂದಿನ ಗಾಲಿ ಜಾರಿದಾಗ ತಾನಾಗಿಯೇ ಮುಂದಿನದಕ್ಕೆ ಶಕ್ತಿ ಕೊಡುವ ಏರ್ಪಾಡಿದೆ. ಅಳತೆಯಲ್ಲಿ ವ್ಯತ್ಯಾಸವಾದರೆ ಒಣ ರಸ್ತೆಯಲ್ಲೂ ಅದಕ್ಕೆ ಕೆಸರಿನ ಭ್ರಮೆ. ಹಳೆಯ ರಿಂಗಿನ ಗಾಲಿಗಳಿಗೆ ಗಾಳಿ ತುಂಬುವಾಗ ಕಬ್ಬಿಣದ ಪಂಜರದೊಳಗಿಟ್ಟೇ ತುಂಬಬೇಕು. ಆ ರಿಂಗು ಹಾರಿದರೆ ಎದುರಿಗಿದ್ದವರು ಉಳಿಯುವುದು ಕಷ್ಟ.

ಇದನ್ನೆಲ್ಲ ಇತಿಹಾಸದ ಕೊಲೆ ಎನ್ನುವವರಿದ್ದಾರೆ. ಹಳೆಯ ಸೈನ್ಯದ ವಾಹನಗಳನ್ನು ಮೂಲದ ಹಾಗೇ, ಬಣ್ಣದ ನಮೂನೆ ಸಮೇತ ಕಾಪಾಡುವ ಆ ಜನರ ಬಗ್ಗೆ ನನಗೆ ಗೌರವವಿದೆ. 1950ರ ದಶಕದ ಪೆಟ್ರೋಲ್ ಎಂಜಿನ್ನಿನ ಒಂದು ಒಳ್ಳೆಯ ಲಾರಿ ಸಿಕ್ಕಿದ್ದರೆ ನಾನೂ ಗ್ರೈಂಡರ್ ಮುಟ್ಟುತ್ತಿರಲಿಲ್ಲ. ನನಗೆ ಸಿಕ್ಕಿದ್ದು ರಾಶಿರಾಶಿಯಾಗಿ ತಯಾರಾದವುಗಳಲ್ಲಿ ಒಂದು, ತೊಟ್ಟಿ ತುಕ್ಕು ತಿಂದದ್ದು. ಅಲ್ಲದೆ ಮೂಲರೂಪ ಎಂದರೇನು? 1967ರ ಸೆಪ್ಟೆಂಬರಿನಲ್ಲಿ ವಿಯೆಟ್ನಾಮಿನ 19ನೇ ಹೆದ್ದಾರಿಯಲ್ಲಿ ಸರಕು ಲಾರಿಗಳ ಸಾಲಿನ ಮೇಲೆ ಹೊಂಚುದಾಳಿ ಬಿದ್ದ ಮೇಲೆ, ಚಾಲಕರೇ ಇದೇ ಲಾರಿಗಳ ತೊಟ್ಟಿಗೆ ಮರಳುಚೀಲ, ಆಮೇಲೆ ಉಕ್ಕಿನ ಹಲಗೆ, ಮೆಷಿನ್ ಗನ್ ಕೂರಿಸಿ ‘ಗನ್ ಟ್ರಕ್’ ಮಾಡಿಕೊಂಡರು. ಸಿಕ್ಕ ಗುಜರಿ ಹಚ್ಚಿ ಕಟ್ಟಿದವು ಅವು. ಮುಂದೆ ಐದು ಟನ್ನಿನ ಲಾರಿಗಳಲ್ಲೂ ಹಾಗೇ ಕಟ್ಟಿದರು. ಅವುಗಳಲ್ಲೊಂದಾದ ‘ಈವ್ ಆಫ್ ಡಿಸ್ಟ್ರಕ್ಷನ್’ ಈಗ ವರ್ಜೀನಿಯಾದ ಫೋರ್ಟ್ ಯೂಸ್ಟಿಸ್‌ನ ಸೈನ್ಯದ ಸಾರಿಗೆ ಮ್ಯೂಸಿಯಮ್ಮಿನಲ್ಲಿದೆ. ನನ್ನ ತಕರಾರು ಕೊಯ್ಯುವವರ ಮೇಲಲ್ಲ, ಕೊಯ್ದು ಕ್ರೋಮಿಯಂ ಹೊಗೆಕೊಳವೆ ನಿಲ್ಲಿಸಿ ನೀಲಿ ದೀಪ ಹಚ್ಚುವವರ ಮೇಲೆ.

ಹಾಸನದ ಕಡೆಯ ನನ್ನ ಸೋದರಮಾವನ ಮಗನಿಗೆ ಈ ಚಿತ್ರಗಳನ್ನು ಕಳಿಸಿದ್ದೇ ತಪ್ಪಾಯಿತೇನೋ, ಅವನೂ ಒಂದು ಡಿಸ್ಪೋಸಲ್ ಗಾಡಿಯನ್ನು ಗಿಡ್ಡ ಮಾಡಲು ಹೊರಟ. ಬೇಡವೆಂದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದ ಮಾರ್ಪಾಡು ನಮ್ಮಲ್ಲಿ ನಿಷಿದ್ಧ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಖಡಾಖಂಡಿತವಾಗಿ ಹೇಳಿದೆ. ಮಲೆನಾಡಿನ ತೋಟಗಳಲ್ಲಿ ಸೈನ್ಯದ ಹಳೆಯ ಜೀಪುಗಳಿಗೆ ಆದ ರೂಪಾಂತರಗಳನ್ನು ಕಂಡವರಿಗೆ ಇದು ಬೇಸರದ ಸುದ್ದಿ, ಆದರೆ ಕಾನೂನು ಕಾನೂನೇ.

ಗಿಡ್ಡವಾದ ಮೇಲೆ ಲಾರಿಯ ಸ್ವಭಾವ ಬದಲಾಯಿತು. ಮೊದಲು ಹಿಂದೆಮುಂದೆ ಆಡಿಸಿ ತಿರುಗಿಸಬೇಕಿದ್ದ ಅಂಗಳದಲ್ಲಿ ಈಗ ಒಂದೇ ಏಟಿಗೆ ಹೊರಳುತ್ತದೆ. ಹಿಮ ಬಿದ್ದ ದಿನ ನೆರೆಯವರ ಕಾರನ್ನು ಚರಂಡಿಯಿಂದ ಎಳೆದು ತೆಗೆಯುತ್ತದೆ. ಮೂಲದಲ್ಲಿ ಇದರ ಪರಮ ವೇಗ ಗಂಟೆಗೆ 90 ಕಿಲೋಮೀಟರು; ಅದಕ್ಕಿಂತ ಮೊದಲೇ ಕಿವಿ ಸಾಕು ಎನ್ನುತ್ತದೆ. ಖಾಲಿ ಬೆನ್ನಿನಲ್ಲಿ ಹಳ್ಳ ಹಾರಿದಾಗ ಸೊಂಟಕ್ಕೆ ಬೀಳುವ ಪೆಟ್ಟನ್ನು ನಾನು ಹೆಂಡತಿಯೆದುರು ಒಪ್ಪಿಕೊಳ್ಳುವುದಿಲ್ಲ.

ಈ ದೇಶದಲ್ಲಿರುವ ಕನ್ನಡಿಗರಲ್ಲಿ ಯಾರಿಗಾದರೂ ಇಂಥದ್ದೊಂದು ಕೊಳ್ಳುವ ಮನಸ್ಸಾಗಿದ್ದರೆ ಒಂದು ವಿನಂತಿ. ಈ ಲಾರಿಯ ಬ್ರೇಕು ಗಾಳಿಯ ಸಹಾಯದ ಹೈಡ್ರಾಲಿಕ್, ಅದೂ ಒಂದೇ ಸರ್ಕಿಟ್ಟು. ಯಾವುದೋ ಒಂದು ಗಾಲಿಯ ಸಿಲಿಂಡರು ಸೋರಿದರೂ ಪೆಡಲು ನೆಲಕ್ಕೆ ಹೋಗಿ ಎಲ್ಲ ಗಾಲಿಯ ಬ್ರೇಕೂ ಒಟ್ಟಿಗೆ ಹೋಗುತ್ತದೆ. ಗಿಡ್ಡ ಮಾಡುವುದು, ದೊಡ್ಡ ಗಾಲಿ ಹಾಕುವುದು, ಬಣ್ಣ ಬಳಿಯುವುದು ಆಮೇಲಿರಲಿ. ಮೊದಲು ಎರಡು ಸರ್ಕಿಟ್ಟಿನ ಮಾಸ್ಟರ್ ಸಿಲಿಂಡರ್ ಹಾಕಿಸಿ, ಹಳೆಯ ಪೈಪುಗಳನ್ನೆಲ್ಲ ಬದಲಿಸಿ, ಒಳಗಿರುವುದು ಸೈನ್ಯದವರು ತುಂಬಿದ ಸಿಲಿಕೋನ್ ದ್ರವವೇ ಎಂದು ನೋಡಿಕೊಳ್ಳಿ. ಅಂಗಡಿಯ ಮಾಮೂಲಿ ಬ್ರೇಕ್ ಆಯಿಲನ್ನು ಅದರೊಂದಿಗೆ ಬೆರೆಸಬೇಡಿ.